ಕಿವಿಗೊಂದು ಹುಟ್ಟುಹಬ್ಬ

ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ, ಬರೀ ತುಟಿ ಆಡಿಸಿ 'ಅಪ್ಪ' ಎಂದು ನೋಡಿ. ಹಾಗೆಯೇ 'ಅಮ್ಮ' ಎನ್ನಿ. ಎರಡಕ್ಕೂ ಬಾಯಿ ತೆರೆಯುತ್ತದೆ, ತುಟಿಗಳು ಕೂಡುತ್ತವೆ, ಮತ್ತೆ ತೆರೆದುಕೊಳ್ಳುತ್ತವೆ. ಕಣ್ಣಿಗೆ ಎರಡೂ ಒಂದೇ. ಅವುಗಳ ಅಂತರ ಗೊತ್ತಾಗುವುದು ಕಿವಿಗೆ ಮಾತ್ರ. ಹುಟ್ಟಿನಿಂದ ಕೇಳಿಸದ ಮಗುವಿಗೆ ಲೋಕದ ಮೊದಲ ಎರಡು ಮಾತುಗಳೇ ಬೇರೆ ಬೇರೆಯಾಗಿ ದಕ್ಕುವುದಿಲ್ಲ.

ನಂಜನಗೂಡಿನ ಒಂದು ಮನೆಯ ಹುಡುಗಿಗೆ ಈ ಅಂತರ ತಿಳಿಯುವ ಹೊತ್ತಿಗೆ ನಾಲ್ಕು ವರ್ಷ ತುಂಬುತ್ತ ಬಂದಿತ್ತು. ಆಕೆ ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಬಲಗಿವಿಯ ಹಿಂದೆ ಸಣ್ಣ ಯಂತ್ರ, ಅದರಿಂದ ಹೊರಟ ಎಳೆಯಂಥ ತಂತಿ, ತಂತಿಯ ತುದಿಯಲ್ಲಿ ತಲೆಗೆ ಅಂಟಿಕೊಂಡ ದುಂಡನೆಯ ಬಿಲ್ಲೆ. "ಆಪರೇಷನ್ ಆಯ್ತಲ್ಲ, ಈಗ ಸರಿಹೋಯ್ತಾ?" ಎಂದು ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ನಲ್ಲಿಕಟ್ಟೆಯಲ್ಲಿ ಜನ ಕೇಳುತ್ತಲೇ ಇರುತ್ತಾರೆ. ಹೌದು ಎನ್ನಲೂ ಬಾರದೆ, ಇಲ್ಲ ಎನ್ನಲೂ ಬಾರದೆ ತಾಯಿ ಸುಮ್ಮನೆ ನಗುತ್ತಾಳೆ.

ಹುಡುಗಿ ಹುಟ್ಟಿದಾಗ ಯಾರಿಗೂ ಏನೂ ಗೊತ್ತಾಗಲಿಲ್ಲ. ಕಿವುಡು ಕಣ್ಣಿಗೆ ಕಾಣುವಂಥದಲ್ಲ. ಮಗು ನಗುತ್ತಿತ್ತು, ಅಂಬೆಗಾಲಿಡುತ್ತಿತ್ತು, ಬಾಗಿಲು ದಢಾರನೆ ಮುಚ್ಚಿದರೆ ತಿರುಗಿಯೂ ನೋಡುತ್ತಿತ್ತು. ಅದು ಸದ್ದಿಗಲ್ಲ, ನೆಲದ ಅದುರಿಗೆ ಎಂದು ತಿಳಿದದ್ದು ಆಮೇಲೆ. ಒಂದೂವರೆ ವರ್ಷವಾದರೂ ಮಾತು ಬಾರದಾಗ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಸವರಿದರು. "ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಕಣವ್ವ, ಸುಮ್ನಿರು" ಎಂದು ಸೊಸೆಗೆ ಧೈರ್ಯ ಹೇಳಿದರು. ಶ್ರೀಕಂಠೇಶ್ವರನಿಗೆ ಗಂಟೆಯ ಹರಕೆಯೂ ಆಯಿತು. ತಾಯಿಗೆ ಮಾತ್ರ ಸಮಾಧಾನವಿಲ್ಲ. ಒಂದು ಮಧ್ಯಾಹ್ನ ಮಗು ನಿದ್ದೆಯಲ್ಲಿದ್ದಾಗ ತಲೆಯ ಹತ್ತಿರ ಸ್ಟೀಲ್ ತಟ್ಟೆ ಬಡಿದು ನೋಡಿದಳು. ಪಕ್ಕದ ಮನೆಯ ಕೂಸು ಬೆಚ್ಚಿ ಅಳತೊಡಗಿತು. ಇವಳ ಮಗು ಮಗ್ಗುಲು ಕೂಡ ಬದಲಿಸಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಸುಪಾಸಿನ ಜನರ ಬಾಯಲ್ಲಿ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ಅಲ್ಲಿ ಮಗುವಿಗೆ 'ಬೆರಾ' ಪರೀಕ್ಷೆಯಾಯಿತು. ಮಗುವನ್ನು ಮಲಗಿಸಿ, ತಲೆಗೆ ತಂತಿಗಳನ್ನು ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ನರದಲ್ಲಿ ಹೊಮ್ಮುವ ವಿದ್ಯುತ್ತನ್ನು ಅಳೆಯುವ ಪರೀಕ್ಷೆ ಅದು. ಎಷ್ಟು ಜೋರಾಗಿ ಸದ್ದು ಕೊಟ್ಟರೂ ಎರಡೂ ಕಿವಿಗಳ ಗೆರೆ ಏಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತ ತಾಯಿಗೆ ಅಲ್ಲಿ ತನ್ನಂಥ ಎಷ್ಟೋ ತಾಯಂದಿರು ಇದ್ದಾರೆಂಬುದು ಮೊದಲ ಬಾರಿಗೆ ಕಾಣಿಸಿತು.

ಮನೆಗೆ ಬಂದ ಮೇಲೆ ಶುರುವಾದದ್ದು 'ಯಾರಿಂದ ಬಂತು?' ಎಂಬ ವಿಚಾರಣೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಗಂಡನ ಕಡೆಯವರು ಹೆಂಡತಿಯ ಮನೆತನವನ್ನು ದೂರುತ್ತಾರೆ. ಇಲ್ಲಿ ಅದಕ್ಕೂ ದಾರಿಯಿರಲಿಲ್ಲ. ಆಕೆ ಮದುವೆಯಾಗಿದ್ದು ಸೋದರತ್ತೆಯ ಮಗನನ್ನು. ಎರಡೂ ಒಂದೇ ಮನೆತನ. ಒಂದೇ ರಕ್ತದವರು ಮದುವೆಯಾದಾಗ ಇಬ್ಬರಲ್ಲೂ ಅಡಗಿರುವ ಒಂದೇ ದೋಷದ ವಂಶವಾಹಿ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು, ಹುಟ್ಟುಕಿವುಡಿಗೆ ಅದೂ ಒಂದು ಕಾರಣ ಎಂದು ವೈದ್ಯರು ವಿವರಿಸಿದರು. ಆದರೆ ಬಳಗದ ಹೊರಗೆ ಮದುವೆಯಾದವರಿಗೂ ಕೇಳಿಸದ ಮಕ್ಕಳು ಹುಟ್ಟುತ್ತಾರೆ, ಸೋದರಿಕೆಯಲ್ಲಿ ಮದುವೆಯಾದವರ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ ಎಂಬುದನ್ನೂ ಹೇಳಿದರು. ಅಜ್ಜಿ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಎದ್ದು, "ಆದದ್ದಾಯ್ತು. ಈಗೇನು ಮಾಡ್ಬೇಕಂತೆ ಹೇಳು" ಎಂದರು. ಆ ಮನೆಯ ಭಾಗ್ಯ ತಿರುಗಿದ್ದು ಆ ಮಾತಿನಿಂದ ಎಂದರೆ ತಪ್ಪಾಗಲಾರದು.

ಏನು ಮಾಡಬೇಕೆಂಬುದು ತಿಳಿಯಲು ಕಿವಿಯ ಒಳಗನ್ನು ಸ್ವಲ್ಪ ತಿಳಿಯಬೇಕು. ಸದ್ದು ಕಿವಿದಮಟೆಯನ್ನು ಅದುರಿಸುತ್ತದೆ. ಮೂರು ಪುಟ್ಟ ಮೂಳೆಗಳು ಆ ಅದುರನ್ನು ಒಳಗಿವಿಗೆ ಮುಟ್ಟಿಸುತ್ತವೆ. ಒಳಗಿವಿಯಲ್ಲಿ ಬಟಾಣಿ ಗಾತ್ರದ, ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಯಾದ ಕಾಕ್ಲಿಯ ಇದೆ. ಅದರೊಳಗಿನ ಸುಮಾರು 15,000 ಕೂದಲಕೋಶಗಳು ಅದುರನ್ನು ವಿದ್ಯುತ್ ಸಂದೇಶವಾಗಿಸಿ ನರದ ಮೂಲಕ ಮಿದುಳಿಗೆ ಕಳಿಸುತ್ತವೆ. ಹುಟ್ಟುಕಿವುಡಿನ ಬಹುಪಾಲು ಮಕ್ಕಳಲ್ಲಿ ಕೆಟ್ಟಿರುವುದು ಈ ಕೋಶಗಳ ಕೆಲಸ. ಅದರ ಹಿಂದಿನ ನರ ಜೀವಂತವಾಗಿರುತ್ತದೆ. ಸಾಮಾನ್ಯ ಶ್ರವಣ ಸಾಧನ ಸದ್ದನ್ನು ಜೋರು ಮಾಡುತ್ತದೆ, ಅಷ್ಟೇ. ಪತ್ರ ಒಯ್ಯುವ ಅಂಚೆಯವನೇ ಇಲ್ಲದಿದ್ದರೆ ದಪ್ಪ ಅಕ್ಷರದಲ್ಲಿ ಬರೆದು ಏನು ಪ್ರಯೋಜನ?

ಕಾಕ್ಲಿಯರ್ ಇಂಪ್ಲಾಂಟ್ ಆ ಅಂಚೆಯವನ ಕೆಲಸವನ್ನು ವಹಿಸಿಕೊಳ್ಳುತ್ತದೆ. ಕಿವಿಯ ಹಿಂದಿನ ಯಂತ್ರದಲ್ಲಿರುವ ಮೈಕ್ರೊಫೋನು ಸದ್ದನ್ನು ಹಿಡಿಯುತ್ತದೆ. ಅದರ ಪ್ರೊಸೆಸರ್ ಸದ್ದನ್ನು ವಿಂಗಡಿಸಿ ತಲೆಯ ಮೇಲಿನ ಬಿಲ್ಲೆಗೆ ಕೊಡುತ್ತದೆ. ಬಿಲ್ಲೆ ಅಯಸ್ಕಾಂತದ ಬಲದಿಂದ ಅಂಟಿಕೊಂಡು, ಚರ್ಮದ ಕೆಳಗೆ ಕೂರಿಸಿದ ಒಳಯಂತ್ರಕ್ಕೆ ರೇಡಿಯೊ ತರಂಗಗಳಲ್ಲಿ ಸುದ್ದಿ ಕಳಿಸುತ್ತದೆ. ಒಳಯಂತ್ರದಿಂದ ಹೊರಟ ಎಳೆ ಕಾಕ್ಲಿಯದ ಸುರುಳಿಯೊಳಗೆ ಹೊಕ್ಕು ನರವನ್ನು ನೇರವಾಗಿ ಮುಟ್ಟಿ ಎಬ್ಬಿಸುತ್ತದೆ. ತಯಾರಕರಿಗೆ ತಕ್ಕಂತೆ ಆ ಎಳೆಯ ಮೇಲೆ 12ರಿಂದ 22 ವಿದ್ಯುದಗ್ರಗಳಿರುತ್ತವೆ. 15,000 ಕೋಶಗಳ ಕೆಲಸಕ್ಕೆ 22 ಬಿಂದುಗಳು! ನೂರಾರು ಚುಕ್ಕಿಯ ರಂಗೋಲಿಯನ್ನು ಇಪ್ಪತ್ತೆರಡು ಚುಕ್ಕಿಯಲ್ಲಿ ಬಿಡಿಸಿದಂತೆ. ಉಳಿದ ಗೆರೆಗಳನ್ನು ಮಿದುಳೇ ಊಹಿಸಿ ಎಳೆದುಕೊಳ್ಳಬೇಕು.

ಈ ಸಾಧನದ ಹಿಂದೆ ಹಲವರ ಶ್ರಮವಿದೆ. 1957ರಲ್ಲಿ ಪ್ಯಾರಿಸ್ಸಿನ ಜೂರ್ನೋ ಮತ್ತು ಎರಿಯೆಸ್ ಎಂಬುವರು ಶ್ರವಣ ನರಕ್ಕೆ ವಿದ್ಯುತ್ ಮುಟ್ಟಿಸಿ ಸದ್ದಿನ ಅನುಭವ ತರಿಸಿದರು. 1961ರಲ್ಲಿ ಲಾಸ್ ಏಂಜಲಿಸ್‌ನ ವಿಲಿಯಂ ಹೌಸ್ ಆ ಹಾದಿಯಲ್ಲಿ ಮುಂದುವರಿದರು. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರ ತಂದೆಗೆ ಕಿವಿ ಮಂದ. ಔಷಧದ ಅಂಗಡಿಯಲ್ಲಿ ಗಿರಾಕಿಗಳ ಮಾತು ಕೇಳಿಸದೆ ತಂದೆ ಪಡುತ್ತಿದ್ದ ಸಂಕಟವನ್ನು ಅವರು ಬಾಲ್ಯದಲ್ಲೇ ಕಂಡಿದ್ದರು. ಸುರುಳಿಯೊಳಗೆ ಎಳೆಯನ್ನು ಪೆಟ್ಟಾಗದಂತೆ ತೂರಿಸುವುದು ಹೇಗೆಂಬುದು ಬಹುಕಾಲ ಕಾಡಿದ ಪ್ರಶ್ನೆ. 1977ರಲ್ಲಿ ಕಡಲ ತೀರದಲ್ಲಿ ಕುಳಿತಿದ್ದಾಗ ಒಂದು ಶಂಖದೊಳಗೆ ಹುಲ್ಲಿನ ಗರಿಕೆಯನ್ನು ತೂರಿಸಿ ನೋಡಿದರು. ತುದಿ ಬಳುಕುವಂತಿದ್ದು ಬುಡ ಗಟ್ಟಿಯಾಗಿದ್ದ ಗರಿಕೆ ಸಲೀಸಾಗಿ ಸುತ್ತಿಕೊಂಡು ಒಳಹೋಯಿತು. ಎಳೆಯೂ ಹಾಗೆಯೇ ಇರಬೇಕೆಂದು ಹೊಳೆಯಿತು. ಮರುವರ್ಷ ಮೆಲ್ಬರ್ನಿನಲ್ಲಿ, ಕಾರು ಅಪಘಾತದಲ್ಲಿ ಕಿವಿ ಕಳೆದುಕೊಂಡಿದ್ದ ರಾಡ್ ಸಾಂಡರ್ಸ್ ಅವರಿಗೆ ಇಂಪ್ಲಾಂಟ್ ಅಳವಡಿಸಿದರು. ಪರೀಕ್ಷೆಗೆಂದು ರಾಷ್ಟ್ರಗೀತೆಯ ಸ್ವರ ನುಡಿಸಿದಾಗ ಅವರು ತಟಕ್ಕನೆ ಎದ್ದು ನೆಟ್ಟಗೆ ನಿಂತರಂತೆ; ನಿಂತ ರಭಸಕ್ಕೆ ತಂತಿಗಳೇ ಕಳಚಿದವಂತೆ. ವಿಯೆನ್ನಾದ ಹೋಕ್‌ಮೈರ್ ದಂಪತಿಯೂ ಅದೇ ಕಾಲದಲ್ಲಿ ಯಶಸ್ಸು ಕಂಡಿದ್ದರು. ಅಮೆರಿಕ 1990ರಲ್ಲಿ ಎರಡು ವರ್ಷದ ಮಕ್ಕಳಿಗೂ ಇದನ್ನು ಹಾಕಲು ಒಪ್ಪಿತು. 2020ರ ಹೊತ್ತಿಗೆ ಆ ಮಿತಿ ಒಂಬತ್ತು ತಿಂಗಳಿಗೆ ಇಳಿಯಿತು.

ನಂಜನಗೂಡಿನ ಮನೆಯ ಯಜಮಾನ ಕಾರ್ಖಾನೆಯಲ್ಲಿ ದಿನಗೂಲಿ. ಲಕ್ಷಗಳ ಮಾತು ಕೇಳಿ ಆತ ಮೊದಲು ಕೈ ಚೆಲ್ಲಿದ್ದ. ಕೇಂದ್ರ ಸರ್ಕಾರದ 'ಅಡಿಪ್' ಯೋಜನೆ 2014ರಲ್ಲಿ ಪರಿಷ್ಕೃತವಾಗಿ, ಕಡಿಮೆ ವರಮಾನದವರ ಐದು ವರ್ಷದೊಳಗಿನ ಮಕ್ಕಳಿಗೆ ಇಂಪ್ಲಾಂಟ್ ಒಂದಕ್ಕೆ 6 ಲಕ್ಷ ರೂಪಾಯಿವರೆಗೆ ನೆರವು ಸಿಗುವಂತಾಗಿತ್ತು. ಅರ್ಜಿ, ವರಮಾನ ಪತ್ರ, ಸ್ಕ್ಯಾನಿಂಗು, ಮಿದುಳುಪೊರೆಯ ಉರಿಯೂತ ಬಾರದಂತೆ ಲಸಿಕೆ, ಅದಕ್ಕೂ ಮುಂಚೆ ಕೆಲವು ತಿಂಗಳು ಶ್ರವಣ ಸಾಧನ ಹಾಕಿ ಪರೀಕ್ಷೆ. ಎಲ್ಲ ಮುಗಿದು 2015ರಲ್ಲಿ, ಮಗುವಿಗೆ ಮೂರು ತುಂಬುವ ಮುನ್ನ, ಬಲಗಿವಿಗೆ ಶಸ್ತ್ರಚಿಕಿತ್ಸೆಯಾಯಿತು.

ಶಸ್ತ್ರಚಿಕಿತ್ಸೆಯಾದ ಕೂಡಲೆ ಕೇಳಿಸುವುದಿಲ್ಲ. ಗಾಯ ಮಾಯಬೇಕು. ಮೂರು ವಾರದ ಮೇಲೆ ಹೊರಯಂತ್ರ ತೊಡಿಸಿ ಚಾಲೂ ಮಾಡುವ ದಿನ ಅಪ್ಪ, ಅಮ್ಮ, ಅಜ್ಜಿ, ಸೋದರಮಾವ ಎಲ್ಲರೂ ಹೋಗಿದ್ದರು. ಮಗು ದನಿ ಕೇಳಿ ನಗುತ್ತದೆಂದು ಸೋದರಮಾವ ಫೋನಿನಲ್ಲಿ ಚಿತ್ರ ತೆಗೆಯಲು ಸಿದ್ಧನಾಗಿ ನಿಂತಿದ್ದ. ಮಗು ನಗಲಿಲ್ಲ. ಒಮ್ಮೆಲೇ ಮುಖ ಸೊಟ್ಟ ಮಾಡಿ, ಕಿರುಚಿ, ತಾಯಿಯ ಸೆರಗಿನೊಳಗೆ ತಲೆ ಹುದುಗಿಸಿ, ಬಿಲ್ಲೆಯನ್ನು ಕಿತ್ತೆಸೆಯಿತು. ಎಲ್ಲರ ಮುಖವೂ ಬಾಡಿತು. ಅಲ್ಲಿದ್ದ ಶ್ರವಣತಜ್ಞೆ ಮಾತ್ರ ಹಿಗ್ಗಿ, "ಅತ್ತಳಲ್ಲ! ಅಂದರೆ ಕೇಳಿಸಿತು. ಇವತ್ತು ಇವಳ ಕಿವಿಯ ಹುಟ್ಟುಹಬ್ಬ. ಹುಟ್ಟಿದ ಮಕ್ಕಳು ಅಳೋದಿಲ್ವೆ?" ಎಂದರು.

ಆ ಮಾತನ್ನು ಮನೆಯವರು ಗಟ್ಟಿಯಾಗಿ ಹಿಡಿದುಕೊಂಡರು. ಹುಡುಗಿಗೆ ಮೂರು ವರ್ಷ, ಆದರೆ ಕಿವಿ ಈಗಷ್ಟೇ ಹುಟ್ಟಿದ ಕೂಸು. ಹುಟ್ಟಿದ ಕೂಸಿನ ಜೊತೆ ಒಂದು ವರ್ಷ ಮಾತಾಡಿದ ಮೇಲಲ್ಲವೆ ಅದು 'ಅಮ್ಮ' ಎನ್ನುವುದು? ಅಲ್ಲಿಂದ ತಾಯಿಯ ತಿರುಗಾಟ ಆರಂಭವಾಯಿತು. ಬೆಳಿಗ್ಗೆ ನಂಜನಗೂಡಿನಿಂದ ರೈಲು, ಮೈಸೂರಿನಲ್ಲಿ ಸಿಟಿ ಬಸ್ಸು, ಪಾಠ, ಮತ್ತೆ ಸಂಜೆಯ ರೈಲು. ಪಾಠ ಮಗುವಿಗಿಂತ ಹೆಚ್ಚಾಗಿ ತಾಯಿಗೆ. ಯಂತ್ರದ ವಿದ್ಯುತ್ತನ್ನು ಮಗುವಿಗೆ ಹಿತವಾಗುವಂತೆ ಹೊಂದಿಸುವ 'ಮ್ಯಾಪಿಂಗ್' ತಜ್ಞರ ಕೆಲಸ. ಕೇಳುವುದನ್ನು ಕಲಿಸುವುದು ಮನೆಯವರ ಕೆಲಸ.

"ನಿಮ್ಮ ಅಡುಗೆಮನೆಯೇ ಶಾಲೆ. ಏನು ಮಾಡಿದರೂ ಬಾಯಿಬಿಟ್ಟು ಹೇಳುತ್ತ ಮಾಡಿ" ಎಂದು ಅಲ್ಲಿ ಹೇಳಿಕೊಟ್ಟರು. ಮೊದಲು ಸದ್ದು, ಆಮೇಲೆ ವಸ್ತು. ಕುಕ್ಕರ್ ಕೂಗಿದ ಕೂಡಲೆ ಕಿವಿ ಮುಟ್ಟಿ ತೋರಿಸಿ, "ಕೇಳ್ತಾ? ಕುಕ್ಕರ್ ಕೂಗ್ತು" ಎನ್ನಬೇಕು. ಸಾಸಿವೆ ಚಟಪಟ ಎನ್ನುವಾಗ ಮಗುವನ್ನು ಎತ್ತಿಕೊಂಡು ಕೇಳಿಸಬೇಕು. ಎದುರಿಗೆ ನಿಂತು ಹೇಳಿದರೆ ತುಟಿ ನೋಡಿ ಊಹಿಸುತ್ತದೆ. ಆದ್ದರಿಂದ ಪಕ್ಕದಲ್ಲಿ, ಬೆನ್ನ ಹಿಂದೆ ಕುಳಿತು ಹೇಳಬೇಕು. ಹೇಳಿ, ಕಾಯಬೇಕು. ಈ ಕಾಯುವುದೇ ಎಲ್ಲಕ್ಕಿಂತ ಕಷ್ಟ. ಬೇಳೆ ತೊಳೆಯುತ್ತ, ಸೊಪ್ಪು ಬಿಡಿಸುತ್ತ ಒಬ್ಬಳೇ ಮಾತಾಡುವ ಸೊಸೆಯನ್ನು ಕಂಡು ಬೀದಿಯವರು, "ಮಗು ಚಿಂತೇಲಿ ಇವಳಿಗೇ ತಲೆ ಕೆಟ್ಟಿದೆ" ಎಂದುಕೊಂಡರು. ಅಜ್ಜಿಯೂ ಜೊತೆಗೂಡಿ ಮಾತಾಡತೊಡಗಿದಾಗ ಏನೂ ಅನ್ನಲಾರದೆ ಸುಮ್ಮನಾದರು.

ದಿನವೂ ಬೆಳಿಗ್ಗೆ ಒಂದು ಚಿಕ್ಕ ಪರೀಕ್ಷೆ. 'ಆ, ಈ, ಊ, ಮ್, ಶ್, ಸ್' ಎಂಬ ಆರು ಸದ್ದುಗಳನ್ನು ಬಾಯಿ ಮರೆಮಾಡಿ ಹೇಳುವುದು. ಕೇಳಿಸಿದಾಗಲೆಲ್ಲ ಮಗು ಡಬ್ಬಿಗೆ ಒಂದು ಹುಣಸೆಬೀಜ ಹಾಕುವುದು. ಕೆನಡಾದ ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದ ಕ್ರಮ ಇದು. ಮಾತಿನ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗಿನ ಹರವೆಲ್ಲ ಈ ಆರರಲ್ಲಿ ಬರುತ್ತದೆ. 'ಸ್' ಕೇಳಿಸದಿದ್ದ ದಿನ ಯಂತ್ರದಲ್ಲೋ ಬ್ಯಾಟರಿಯಲ್ಲೋ ಏನೋ ಆಗಿದೆ ಎಂದು ತಾಯಿಗೆ ತಿಳಿಯುತ್ತಿತ್ತು.

ಚಾಲೂ ಮಾಡಿದ ಹತ್ತನೆಯ ತಿಂಗಳಲ್ಲಿ ಒಂದು ಸಂಜೆ ಅಪ್ಪ, ಅಮ್ಮ ಇಬ್ಬರೂ ಚಾಪೆಯ ಮೇಲೆ ಕುಳಿತಿದ್ದರು. ಹುಡುಗಿಯ ಬೆನ್ನ ಹಿಂದಿನಿಂದ ಅಜ್ಜಿ, "ಪುಟ್ಟೀ, ಅಪ್ಪ ಎಲ್ಲಿ?" ಎಂದರು. ಹುಡುಗಿ ಒಂದು ಕ್ಷಣ ಅಲುಗದೆ ಕುಳಿತಳು. ನಂತರ ಅಪ್ಪನ ಮೊಣಕಾಲು ತಟ್ಟಿದಳು. "ಅಮ್ಮ ಎಲ್ಲಿ?" ಕೈ ಅಮ್ಮನ ಕಡೆಗೆ ಹೋಯಿತು. ಅಜ್ಜಿ ನಂಬದೆ ಹಿಂದೆಮುಂದೆ ಮಾಡಿ ಐದು ಬಾರಿ ಕೇಳಿದರು. ಐದಕ್ಕೆ ಐದೂ ಸರಿ. ಆ ರಾತ್ರಿ ಆ ಮನೆಯಲ್ಲಿ ಪಾಯಸ.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಮರುವರ್ಷ ಮಳೆಗಾಲದಲ್ಲಿ ಬಿಲ್ಲೆಯ ತಂತಿ ತುಂಡಾಯಿತು. ಒಳಗೆ ಕೂರಿಸಿದ ಯಂತ್ರ ಹತ್ತಾರು ವರ್ಷ ಬಾಳಲೆಂದು ಮಾಡಿದ್ದು, ಹೊರಗಿನದು ಹಾಗಲ್ಲ. ತಂತಿಗೆ ಸಾವಿರಗಳು, ಪ್ರೊಸೆಸರೇ ಹೋದರೆ ಲಕ್ಷಗಳು. ಮಾರಿದವರಿಗೆ ಫೋನು ಮಾಡಿದರೆ, "ದುಡ್ಡು ಕಟ್ಟಿ, ಬರುತ್ತೆ" ಎಂಬ ಉತ್ತರ. ಏಳು ವಾರ ಹುಡುಗಿ ಮತ್ತೆ ಮೌನಕ್ಕೆ ಜಾರಿದಳು. ಬಂದಿದ್ದ ಪದಗಳು ಒಂದೊಂದಾಗಿ ಮಸುಕಾದವು. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ತಂತಿ ತರಿಸಿದ ಮೇಲೆ ತಾಯಿ ಒಂದು ನಿಯಮ ಮಾಡಿಕೊಂಡಳು: ತಿಂಗಳಿಗಿಷ್ಟೆಂದು ಡಬ್ಬಿಗೆ ಹಾಕುವುದು, ಏನೇ ಬಂದರೂ ಆ ದುಡ್ಡು ಮುಟ್ಟದಿರುವುದು. ಹೊಸದಾಗಿ ಬರುವ ತಂದೆತಾಯಿಯರಿಗೆ ಅವಳು ಮೊದಲು ಹೇಳುವುದು ಇದನ್ನೇ: "ಆಪರೇಷನ್ನಿಗೆ ಸರ್ಕಾರ ಇದೆ, ಆಮೇಲಿನ ತಂತಿ, ಬ್ಯಾಟರಿಗೆ ಏನು ಮಾಡ್ತೀರಿ ಅನ್ನೋದನ್ನ ಮೊದಲೇ ಕೇಳಿಕೊಳ್ಳಿ." ಬೀರುವಿನಲ್ಲಿ ಸುಮ್ಮನೆ ಕುಳಿತ ಯಂತ್ರ ಯಾರ ಕಿವಿಯನ್ನೂ ಬೆಳೆಸುವುದಿಲ್ಲ. ಮಿದುಳು ಮಾತನ್ನು ಸುಲಭವಾಗಿ ಹೀರಿಕೊಳ್ಳುವ ಮೊದಲ ಕೆಲವು ವರ್ಷಗಳು ಯಾರಿಗೂ ಕಾಯುವುದಿಲ್ಲ. ಅದಕ್ಕೇ ಹುಟ್ಟಿದ ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬ ಕ್ರಮವನ್ನು ತಜ್ಞರು ಹೇಳುವುದು.

ಶಾಲೆಗೆ ಸೇರಿಸುವಾಗ ಬಂಧುಗಳೆಲ್ಲ ಇಂಗ್ಲಿಷ್ ಮಾಧ್ಯಮವೆಂದರು. ಮನೆಯಲ್ಲಿ ಹರಿಯುವ ಮಾತು ಯಾವುದೋ ಅದರಲ್ಲೇ ಮೊದಲು ಬೇರೂರಲಿ ಎಂದು ತಾಯಿ ಕನ್ನಡ ಶಾಲೆಗೆ ಹಾಕಿದಳು. ಅಲ್ಲಿ ಬೇರೆಯದೇ ಪಾಡು. ನಿಶ್ಶಬ್ದ ಕೋಣೆಯಲ್ಲಿ ಚೆನ್ನಾಗಿ ಕೇಳುವ ಕಿವಿ, ನಲವತ್ತು ಮಕ್ಕಳ ಗಲಾಟೆಯಲ್ಲಿ ಸೋಲುತ್ತದೆ. ಟೀಚರು ಬೋರ್ಡಿನ ಕಡೆ ತಿರುಗಿ ಹೇಳಿದ ಮಾತು ಗೋಡೆಗೆ ಹೋಗುತ್ತದೆ. ಉಕ್ತಲೇಖನದಲ್ಲಿ 'ಹಾಲು' ಎಂದರೆ 'ಹಾಳು', 'ಕಲ್ಲು' ಎಂದರೆ 'ಕಳ್ಳು'. ಮೊದಲ ವರ್ಷ ಇದನ್ನು ಅಲಕ್ಷ್ಯವೆಂದು ತಿಳಿದು ಬೆಂಚಿನ ಮೇಲೆ ನಿಲ್ಲಿಸಿದವರಿದ್ದರು. ಮರುವರ್ಷ ಬಂದ ಟೀಚರು ಅವಳನ್ನು ಮುಂದಿನ ಸಾಲಿನಲ್ಲಿ, ಬಲಗಿವಿ ತಮ್ಮ ಕಡೆಗಿರುವಂತೆ ಕೂರಿಸಿ, ಹೇಳುವುದನ್ನು ಮುಖ ತಿರುಗಿಸಿಯೇ ಹೇಳಿದರು. ಅಂಕ ಬದಲಾಯಿತು. ಬದಲಾದದ್ದು ಹುಡುಗಿಯ ಕಿವಿಯಲ್ಲ, ಟೀಚರು ನಿಲ್ಲುವ ಜಾಗ.

ಮಕ್ಕಳಿಗೆ ಬಿಲ್ಲೆಯೇ ಒಂದು ಸೋಜಿಗ. "ಅದರಲ್ಲಿ ಹಾಡು ಬರುತ್ತೇನೆ?" ಎಂದು ಕೇಳಿದವರೆಷ್ಟೋ. ಒಮ್ಮೆ ಕುಂಟೆಬಿಲ್ಲೆ ಆಡುವಾಗ ಬಿಲ್ಲೆ ಬಿದ್ದುಹೋಗಿ ಇಡೀ ತರಗತಿ ಹುಡುಕಿತು. ಕೊನೆಗೆ ಸಿಕ್ಕಿದ್ದು ಶಾಲೆಯ ಕಬ್ಬಿಣದ ಗೇಟಿಗೆ ಅಯಸ್ಕಾಂತದಂತೆ ಕಚ್ಚಿಕೊಂಡಿದ್ದಾಗ. ಅಂದಿನಿಂದ ಗೆಳತಿಯರೇ ಕಾವಲು. ಒಂದೇ ಬಾರಿಗೆ ಇಬ್ಬರು ಮಾತಾಡಬಾರದು. ಕೂಗಬಾರದು, ನಿಧಾನವಾಗಿ ಹೇಳಬೇಕು. ಕೇಳಿಸದಿದ್ದರೆ 'ಬಿಡು, ಏನಿಲ್ಲ' ಎನ್ನಬಾರದು. ಈ ಕೊನೆಯದು ಹುಡುಗಿ ತಾನೇ ಸೇರಿಸಿದ ನಿಯಮ. 'ಬಿಡು' ಎಂಬ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಬೈಗಳಿಗಿಂತ ಹೆಚ್ಚು ನಾಟುತ್ತದೆ.

ಸಂಗೀತ ಇನ್ನೂ ಪೂರ್ತಿ ಒಲಿದಿಲ್ಲ. ನಮ್ಮ ಸಂಗೀತಶಾಸ್ತ್ರ ಒಂದು ಸ್ಥಾಯಿಯಲ್ಲೇ 22 ಶ್ರುತಿಗಳನ್ನು ಎಣಿಸುತ್ತದೆ. ಯಂತ್ರಕ್ಕೆ ಇಡೀ ಕೇಳುವ ಲೋಕಕ್ಕೇ ಹೆಚ್ಚೆಂದರೆ 22 ಬಿಂದು. ತಾಳ ಸಲೀಸು, ರಾಗ ಕಷ್ಟ. ಡೊಳ್ಳು, ತಮಟೆ ಅವಳಿಗೆ ಪ್ರಾಣ. ಪ್ರಾರ್ಥನೆಯಲ್ಲಿ ಮಾತ್ರ ಬಾಯಿ ಆಡಿಸಿ ಸುಮ್ಮನಾಗುತ್ತಾಳೆ.

ರಾತ್ರಿ ಮಲಗುವಾಗ ಯಂತ್ರ ತೇವ ಹೀರುವ ಡಬ್ಬಿಗೆ ಹೋಗುತ್ತದೆ. ಸ್ನಾನಕ್ಕೂ ಅದಿಲ್ಲ. ಆಗ ಹುಡುಗಿ ಮೊದಲಿದ್ದಂತೆಯೇ, ಪೂರ್ತಿ ಕೇಳಿಸದವಳು. ಗಣೇಶನ ಹಬ್ಬದಲ್ಲಿ ಬೀದಿಯ ಧ್ವನಿವರ್ಧಕ ಅಬ್ಬರಿಸುವಾಗ ಬಿಲ್ಲೆ ತೆಗೆದಿಟ್ಟು ಹಾಯಾಗಿ ಓದುವ ಅವಳನ್ನು ಕಂಡು ಅತ್ತೆಯ ಮಕ್ಕಳಿಗೆ ಹೊಟ್ಟೆಕಿಚ್ಚು. ಆದರೆ ಕರೆಂಟು ಹೋದ ರಾತ್ರಿ, ಯಂತ್ರವೂ ಇಲ್ಲದೆ ತುಟಿಯೂ ಕಾಣದೆ ಇದ್ದಾಗ, ಅವಳು ಅಮ್ಮನ ಕೈ ಬಿಡುತ್ತಿರಲಿಲ್ಲ.

ಹನ್ನೊಂದನೆಯ ವಯಸ್ಸಿನಲ್ಲಿ ಮೈಸೂರಿನ ರೈಲಿನಲ್ಲಿ ನಾಲ್ಕು ಮಂದಿ ಯುವಕರು ಕೈಸನ್ನೆಯಲ್ಲಿ ಮಾತಾಡುತ್ತ, ನಗುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಕುಳಿತದ್ದನ್ನು ಅವಳು ಕಣ್ಣು ಕೀಳದೆ ನೋಡಿದಳು. ಮನೆಗೆ ಬಂದು, "ನಾನೂ ಅದನ್ನ ಕಲೀಬೇಕಮ್ಮ" ಎಂದಳು. ತಾಯಿಯ ಎದೆ ಧಸಕ್ಕೆಂದಿತು. ಇಷ್ಟು ವರ್ಷ ಮಾತು ಬರಲೆಂದು ಕೈಯನ್ನು ಕಟ್ಟಿಹಾಕಿದಂತೆ ಬೆಳೆಸಿದ್ದಳು. ಇದು ಅವಳೊಬ್ಬಳ ಇಕ್ಕಟ್ಟಲ್ಲ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲಿ ಮಕ್ಕಳಿಗೆ ಇಂಪ್ಲಾಂಟ್ ಹಾಕುವುದನ್ನು ಕಟುವಾಗಿ ಟೀಕಿಸಿತ್ತು; 2000ದಲ್ಲಿ ನಿಲುವನ್ನು ಮೃದುಗೊಳಿಸಿ, ಅದೂ ಒಂದು ಆಯ್ಕೆ ಎಂದಿತು. ಕೇಳಿಸದವರು ಕೊರತೆಯವರಲ್ಲ, ಅವರಿಗೂ ಒಂದು ಭಾಷೆಯಿದೆ ಎಂಬುದು ಅವರ ವಾದದ ತಿರುಳು. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆಭಾಷೆಗೆ ಸ್ಥಾನ ಕೊಟ್ಟಿದೆ. ಕೊನೆಗೆ ಮಗಳ ಹಟವೇ ಗೆದ್ದಿತು. ಈಗ ರಾತ್ರಿ ಯಂತ್ರ ತೆಗೆದ ಮೇಲೂ ಆ ಮನೆಯಲ್ಲಿ ಮಾತು ನಿಲ್ಲುವುದಿಲ್ಲ, ಕೈಯಲ್ಲಿ ಸಾಗುತ್ತದೆ. ಬಾಯಿಮಾತು ಅದರಿಂದ ಕುಂದಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಜ್ಜಿಗೂ ವಯಸ್ಸಿನ ಕಾರಣಕ್ಕೆ ಕಿವಿ ಮಂದವಾಯಿತು. ಶ್ರವಣ ಸಾಧನ ತಂದುಕೊಟ್ಟರೆ ಎರಡೇ ದಿನಕ್ಕೆ, "ಬರೀ ಗಲಾಟೆ ಕಣೋ, ಪಾತ್ರೆ ಬಿದ್ದಂಗೆ" ಎಂದು ಬಿಚ್ಚಿ ಗೂಡಿನಲ್ಲಿಟ್ಟರು. ಮಗ ಹೇಳಿದ್ದಾಯಿತು, ಸೊಸೆ ಹೇಳಿದ್ದಾಯಿತು. ಶಾಲೆಯಿಂದ ಬಂದ ಮೊಮ್ಮಗಳು ಗೂಡಿನಿಂದ ಅದನ್ನು ತೆಗೆದು, ಒರೆಸಿ, ಅಜ್ಜಿಯ ಕಿವಿಗೆ ತೊಡಿಸಿದಳು. "ಮೊದಮೊದಲು ಹಂಗೇ ಅಜ್ಜಿ. ನಂಗೂ ಹಂಗೇ ಇತ್ತು. ಬಿಚ್ಚಿಡಬೇಡ" ಎಂದು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ, ಬೆನ್ನ ಹಿಂದೆ ನಿಂತು, ಮೆಲ್ಲನೆ ಕೇಳಿದಳು: "ಕೇಳ್ತಾ? ಸಾಸಿವೆ ಸಿಡೀತು."